ಕಲ್ಲು ಮೊದಲೋ, ತೂತು ಮೊದಲೋ?

ಪ್ರಶ್ನೆ: ಬೆಟ್ಟದ ಕಡಿದಾದ ಬದಿಯಲ್ಲಿ ಗುಂಡುಕಲ್ಲುಗಳೆಲ್ಲ ಗಾರೆ ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುವ ಒಂದು ಪದರ ನೋಡಿದೆ. ಸಮುದ್ರ ಅಲ್ಲಿಂದ ತುಂಬಾ ದೂರ. ಆ ಪದರದಿಂದ ಉದುರಿದ್ದ ಮುಷ್ಟಿ ಗಾತ್ರದ ಒಂದು ಬೂದು ಕಲ್ಲಿನ ತುಂಬ, ಎಲ್ಲ ಬದಿಯಲ್ಲೂ, ತೂತುಗಳಿವೆ. ಹೆಚ್ಚಿನವು ಪೆನ್ಸಿಲ್ ಕಡ್ಡಿಯಷ್ಟು ಸಣ್ಣ, ಮೂರ್ನಾಲ್ಕು ಕಿರುಬೆರಳಷ್ಟು ದಪ್ಪ. ಒಳಗೆ ಕಂದು ಮರಳು ಗಟ್ಟಿಯಾಗಿ ಕೂತಿದೆ. ಹುಳು ಕೊರೆದದ್ದು ಅಂತ ಒಬ್ಬರು ಹೇಳಿದರು. ಮೂಳೆಯೇ ಇಲ್ಲದ ಹುಳು ಕಲ್ಲು ಕೊರೆಯುವುದು ಹೇಗೆ? ಇದು ನಿಜಕ್ಕೂ ಹಳೆಯದೋ? ಅಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು ಅಂತ ಹೇಳಬಹುದೇ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ನಿಮಗೆ ಹೇಳಿದವರು ಅರ್ಧ ಸರಿ ಹೇಳಿದ್ದಾರೆ. ಸಣ್ಣ ತೂತುಗಳು ಹುಳುವಿನವೇ ಇರಬೇಕು. ದಪ್ಪನೆಯವು ಮಾತ್ರ ಹುಳುವಿನದಲ್ಲ, ಎರಡು ಚಿಪ್ಪಿನ ಒಂದು ಪ್ರಾಣಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಕಲ್ಲು ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಕೇಳುವುದು ‘ಯಾವ ಪ್ರಾಣಿ ಇದು’ ಅಂತ. ನಾನೂ ಹಾಗೇ ಕೇಳುತ್ತಿದ್ದೆ, ಕೇಳಿ ಪೇಚಿಗೆ ಸಿಕ್ಕಿದ್ದೂ ಇದೆ. ಓದುತ್ತಿದ್ದ ದಿನಗಳಲ್ಲಿ ಒಮ್ಮೆ ಕಡಲದಂಡೆಯಲ್ಲಿ ಹೆಕ್ಕಿದ ಒಂದು ಸುಣ್ಣಕಲ್ಲಿನ ತುಂಡನ್ನು ಪಳೆಯುಳಿಕೆ ಅಂತ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಜೊತೆಗಿದ್ದ ಹಿರಿಯರೊಬ್ಬರು ಏನೂ ಹೇಳದೆ ಅದನ್ನು ತೆಗೆದುಕೊಂಡು ಒಂದು ಬಟ್ಟಲು ಸಮುದ್ರದ ನೀರಿನಲ್ಲಿ ಹಾಕಿ ಪಕ್ಕಕ್ಕಿಟ್ಟರು. ಅರ್ಧ ಗಂಟೆಯಾದ ಮೇಲೆ ನೋಡಿದರೆ ತೂತಿನಿಂದ ಕೂದಲೆಳೆಯಂಥ ಎರಡು ಮೀಸೆ ಹೊರಗೆ ಬಂದು ನೀರಿನಲ್ಲಿ ಆಡುತ್ತಿವೆ. ನನ್ನ ಪಳೆಯುಳಿಕೆ ಬದುಕಿತ್ತು!

ಅಂದಿನಿಂದ ಪ್ರಾಣಿಯ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನೋಡುವುದು ಸರದಿ. ಕಲ್ಲು ಗುಂಡಗಾದದ್ದು ಯಾವಾಗ, ತೂತು ಬಿದ್ದದ್ದು ಯಾವಾಗ, ತೂತಿನೊಳಗೆ ಮರಳು ತುಂಬಿದ್ದು ಯಾವಾಗ. ಯಾವುದರ ನಂತರ ಯಾವುದು ಅಂತ ಗೊತ್ತಾದರೆ ಉಳಿದದ್ದು ಮುಕ್ಕಾಲು ಪಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಯಾಕೆಂದರೆ ತೂತು ಮೊದಲು, ಕಲ್ಲು ಆಮೇಲೆ ಎನ್ನುವುದೂ ಸಾಧ್ಯ. ಸ್ಕಾಟ್ಲೆಂಡಿನ ವಾಯವ್ಯ ಭಾಗದಲ್ಲಿ ‘ಪೈಪ್ ರಾಕ್’ ಅಂತ ಒಂದು ಬಿಳಿ ಕಲ್ಲಿನ ಪದರ ಇದೆ, ಕೇಂಬ್ರಿಯನ್ ಕಾಲದ್ದು, 50 ಕೋಟಿ ವರ್ಷಕ್ಕೂ ಹಿಂದಿನದು. ಅದರ ತುಂಬ ನೆಟ್ಟಗೆ ನಿಂತ ಕೊಳವೆಗಳು. ಇಂಥ ಕೊಳವೆಗೆ ಸ್ಕೋಲಿಥಾಸ್ ಎಂದು ಹೆಸರು. ಆದರೆ ಅಲ್ಲಿ ಯಾವ ಹುಳುವೂ ಕಲ್ಲು ಕೊರೆದಿಲ್ಲ. ಅದು ಆಗ ಸಮುದ್ರದ ಸಡಿಲ ಮರಳು, ಹುಳುವಿನಂಥ ಪ್ರಾಣಿಗಳು ಅದರಲ್ಲಿ ಬಿಲ ತೋಡಿಕೊಂಡು ಬಾಳಿದವು, ಮರಳು ಎಷ್ಟೋ ಕಾಲದ ಮೇಲೆ ಕಲ್ಲಾಯಿತು. ಸ್ವೀಡನ್ ಕಡೆಯ ಇಂಥದ್ದೇ ಕಲ್ಲನ್ನು ಹಿಮನದಿಗಳು ದಕ್ಷಿಣಕ್ಕೆ ಹೊತ್ತು ತಂದಿವೆ, ಹಾಗಾಗಿ ಜರ್ಮನಿಯ ಬಾಲ್ಟಿಕ್ ದಂಡೆಯಲ್ಲಿ ಕೊಳವೆಗಳಿರುವ ನುಣುಪಾದ ಗುಂಡುಕಲ್ಲು ಸಿಗುತ್ತದೆ. ನೋಡಿದವರು ‘ಹುಳು ಕೊರೆದ ಗುಂಡುಕಲ್ಲು’ ಅಂದುಬಿಡುತ್ತಾರೆ. ಹುಳು ಸತ್ತು ಕೋಟಿಗಟ್ಟಲೆ ವರ್ಷವಾದ ಮೇಲೆ ಹುಟ್ಟಿದ ಗುಂಡುಕಲ್ಲು ಅದು!

ಎರಡನ್ನೂ ನಾವು ಸುಮ್ನೆ ತೂತು ಅಂತೀವಿ. ಬೇರೆ ಮಾಡಿ ಹೇಳುವುದಾದರೆ ಮೆತ್ತನೆಯ ಮಣ್ಣಿನಲ್ಲಿ ತೋಡಿದ್ದು ಬಿಲ, ಗಟ್ಟಿ ಕಲ್ಲಿನಲ್ಲಿ ಮಾಡಿದ್ದು ಕೊರೆತ. ಬಿಲ ತೋಡುವ ಹುಳು ಮರಳಿನ ಕಣಗಳನ್ನು ಅತ್ತಿತ್ತ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಕಲ್ಲಿನಲ್ಲಿ ಸರಿಸಲು ಜಾಗ ಎಲ್ಲಿದೆ? ಅಡ್ಡ ಬಂದದ್ದನ್ನೆಲ್ಲ ಕಡಿದುಕೊಂಡೇ ಹೋಗಬೇಕು. ನಿಮ್ಮ ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕಲ್ಲಿನಲ್ಲಿ ಒಂದು ಬಿಳಿ ಗೆರೆ ಹಾದುಹೋಗಿದೆ, ಹಳೆಯ ಬಿರುಕಿನಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ತುಂಬಿಕೊಂಡದ್ದು. ಆ ಗೆರೆ ದಪ್ಪ ತೂತಿನ ಅಂಚಿಗೆ ಬಂದು ಚಾಕುವಿನಲ್ಲಿ ಕುಯ್ದ ಹಾಗೆ ನಿಂತು, ಆಚೆ ಬದಿಯಲ್ಲಿ ಅದೇ ನೇರಕ್ಕೆ ಮುಂದುವರಿದಿದೆ. ಅಂದರೆ ಕಲ್ಲಾಗಿ, ಬಿರುಕು ಬಿಟ್ಟು, ಬಿರುಕು ತುಂಬಿ, ಇದೆಲ್ಲ ಆದ ಮೇಲೆ ಕೊರೆದದ್ದು. ಈ ಒಂದು ಗೆರೆ ಇಲ್ಲದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಇನ್ನೊಂದು ಗುರುತು ದಿಕ್ಕು. ಪೈಪ್ ರಾಕಿನಂಥ ಬಿಲಗಳು ಕಲ್ಲಿನ ಆಕಾರವನ್ನು ಕೇಳುವುದಿಲ್ಲ, ಎಲ್ಲವೂ ಒಂದೇ ದಿಕ್ಕಿಗೆ ಸಾಲಾಗಿ ನಿಂತು ಈ ಬದಿಯಿಂದ ಆ ಬದಿಗೆ ಹಾದುಹೋಗಿರುತ್ತವೆ. ಕೊರೆತ ಹಾಗಲ್ಲ. ಅದು ಗುಂಡುಕಲ್ಲಿನ ಮೈಯಿಂದಲೇ ಶುರುವಾಗುತ್ತದೆ, ಹೆಚ್ಚು ಕಡಿಮೆ ನೇರವಾಗಿ ಒಳಗೆ ಇಳಿಯುತ್ತದೆ, ಒಳಗೇ ಕೊನೆಯಾಗುತ್ತದೆ. ನಿಂಬೆಹಣ್ಣಿಗೆ ಸುತ್ತಲೂ ಗುಂಡುಸೂಜಿ ಚುಚ್ಚಿದ ಹಾಗೆ. ನಿಮ್ಮ ಕಲ್ಲು ಹಾಗೇ ಇದೆ.

ಪ್ರಾಣಿಗಳಿಗೆ ಸಂಬಂಧವೇ ಇಲ್ಲದ ತೂತುಗಳೂ ಇವೆ. ಲಾವಾ ಆರುವಾಗ ಗಾಳಿಗುಳ್ಳೆ ಸಿಕ್ಕಿಕೊಂಡ ಕಪ್ಪು ಕಲ್ಲು, ಮಳೆನೀರು ಕರಗಿಸಿದ ಸುಣ್ಣಕಲ್ಲು. ಗುಳ್ಳೆಗಳು ಕಲ್ಲಿನ ಒಳಗೂ ಮುಚ್ಚಿಕೊಂಡೇ ಇರುತ್ತವೆ, ನೀರು ಮಾಡಿದ ಗುಳಿಗಳಿಗೆ ಒಂದು ಅಳತೆ ಇರುವುದಿಲ್ಲ. ಹುಳು ಕೊರೆದ ತೂತು ಒಂದೇ ಅಗಲದಲ್ಲಿ ಇಳಿಯುತ್ತದೆ, ಗೋಡೆ ನುಣುಪು. ಎರಡು ಸಲ ನೋಡಿದರೆ ಮೂರನೆಯ ಸಲ ತಪ್ಪುವುದಿಲ್ಲ.

ಸರಿ, ಮೂಳೆಯಿಲ್ಲದ ಹುಳು. ಈಗಲೂ ಕಲ್ಲು ಕೊರೆಯುವ ಹುಳುಗಳಲ್ಲಿ ಜಾಸ್ತಿ ಕಾಣಸಿಗುವುದು ಪಾಲಿಡೋರಾ ಎಂಬ ಬಿರುಗೂದಲಿನ ಹುಳು. ನನ್ನ ಮಾನ ಕಳೆದದ್ದೂ ಅದೇ. ಉದ್ದ ಒಂದೆರಡು ಸೆಂಟಿಮೀಟರ್, ಅಗಲ ಮಿಲಿಮೀಟರಿನ ಆಸುಪಾಸು. ಅದರ ಮೈ ಉಂಗುರ ಉಂಗುರವಾಗಿದ್ದು, ಐದನೆಯ ಉಂಗುರದಲ್ಲಿ ಮಾತ್ರ ದಪ್ಪನೆಯ ಗಟ್ಟಿ ಮುಳ್ಳುಗಳಿವೆ. ಈ ಮುಳ್ಳೇ ಉಳಿ ಅಂತ ಬಹಳ ದಿನ ಜನ ನಂಬಿದ್ದರು. ಆದರೆ ಆ ಮುಳ್ಳು ತೆಗೆದುಬಿಟ್ಟರೂ ಹುಳು ಕೊರೆಯುವುದನ್ನು ನಿಲ್ಲಿಸಲಿಲ್ಲ. ಕೆಲಸದ ಹೆಚ್ಚಿನ ಪಾಲು ರಾಸಾಯನಿಕದ್ದು. ಮೈಯಿಂದ ಒಸರುವ ಆಮ್ಲದಂಥ ದ್ರವ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ, ಮುಳ್ಳು ಕೆರೆಯುವುದಕ್ಕೂ ಹಿಡಿದುಕೊಳ್ಳುವುದಕ್ಕೂ ನೆರವಾಗುತ್ತದೆ. ಕಲ್ಲೇನೂ ಅದಕ್ಕೆ ಆಹಾರವಲ್ಲ. ಮನೆ ಬೇಕು, ಅಷ್ಟೇ. ಒಳಗೆ ಕೂತು ಆ ಎರಡು ಮೀಸೆ ಹೊರಗೆ ಚಾಚಿ ನೀರಿನಲ್ಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ.

ಪಾಲಿಡೋರಾ ಒಳಗೆ ಹೋಗಿ ತಿರುಗಿ ಅದೇ ಕಡೆ ಹೊರಗೆ ಬರುವ ಹಾಗೆ ಯು ಆಕಾರದಲ್ಲಿ ಕೊರೆಯುತ್ತದೆ. ಹಾಗಾಗಿ ಕಲ್ಲಿನ ಮೈಮೇಲೆ ಎರಡು ಬಾಯಿ ಅಂಟಿಕೊಂಡು 8ರ ಅಂಕಿಯ ಹಾಗೆ ಕಾಣುತ್ತವೆ. ಇಂಥ ಪಳೆಯುಳಿಕೆ ಕೊರೆತಕ್ಕೆ ಕಾಲೋಸ್ಟ್ರೆಪ್ಸಿಸ್ ಅನ್ನುತ್ತಾರೆ. ನಿಮ್ಮ ಕಲ್ಲಿನಲ್ಲಿ ಜೋಡಿ ಬಾಯಿ ನನಗೆ ಒಂದೂ ಕಾಣಲಿಲ್ಲ. ಅಲ್ಲಿರುವುದು ಒಂದೇ ಬಾಯಿಯ, ಕವಲಿಲ್ಲದ ನೇರ ತೂತು. ಅದಕ್ಕೆ ಟ್ರಿಪಾನೈಟಿಸ್ ಎಂದು ಹೆಸರು, ಗ್ರೀಕ್ ಭಾಷೆಯಲ್ಲಿ ಬೈರಿಗೆಗೆ ಇರುವ ಪದದಿಂದ ಬಂದದ್ದು. ಚೆನ್ನಾಗಿದೆ ಅಲ್ವಾ? ಆದರೆ ಗಮನಿಸಿ, ಇದು ತೂತಿನ ಹೆಸರು, ಹುಳುವಿನದಲ್ಲ. ಹುಳುವಿನ ಮೈ ಮೆತ್ತಗಿದ್ದದ್ದರಿಂದ ಕೊಳೆತು ಹೋಗಿದೆ, ಉಳಿದದ್ದು ಅದರ ಕೆಲಸ ಮಾತ್ರ. ಬಿರುಗೂದಲಿನ ಹುಳುಗಳೂ ಇಂಥ ತೂತು ಮಾಡುತ್ತವೆ, ಸೊಂಡಿಲನ್ನು ಮೈಯೊಳಗೆ ಎಳೆದುಕೊಳ್ಳುವ ಸೈಪನ್ಕುಲಿಡ್ ಹುಳುಗಳೂ ಮಾಡುತ್ತವೆ. ಬರಿ ತೂತು ನೋಡಿ ಇಂಥದೇ ಹುಳು ಅಂತ ಹೇಳುವವರನ್ನು ನಂಬಬೇಡಿ.

ದಪ್ಪ ತೂತುಗಳ ಕಥೆ ಬೇರೆ. ಮೂರನೆಯ ಫೋಟೋದಲ್ಲಿ ಕಲ್ಲು ಒಡೆದ ಕಡೆ ಒಂದು ಉದ್ದುದ್ದಕ್ಕೆ ಸೀಳಿದ ಹಾಗೆ ಕಾಣುತ್ತದೆ. ಕತ್ತು ಸಣ್ಣ, ಹೊಟ್ಟೆ ದಪ್ಪ, ತಳ ಗುಂಡಗೆ. ಥೇಟ್ ಹೂಜಿ. ಇದಕ್ಕೆ ಗ್ಯಾಸ್ಟ್ರೊಕೀನೊಲೈಟಿಸ್ ಎಂಬ ಉದ್ದನೆಯ ಹೆಸರಿದೆ, ಮಾಡಿದ್ದು ಎರಡು ಚಿಪ್ಪಿನ ಪ್ರಾಣಿ. ಮರಿಯಾಗಿದ್ದಾಗ ಸಣ್ಣ ತೂತು ಮಾಡಿಕೊಂಡು ಒಳಗೆ ಸೇರುತ್ತದೆ, ಬೆಳೆದ ಹಾಗೆ ಒಳಗೇ ಮನೆ ಅಗಲ ಮಾಡಿಕೊಳ್ಳುತ್ತದೆ. ಬಾಗಿಲು ಮಾತ್ರ ಸಣ್ಣದೇ. ಹಾಗಾಗಿ ಅದು ಸಾಯುವ ತನಕ ಹೊರಗೆ ಬರುವ ಹಾಗಿಲ್ಲ. ಇವುಗಳಲ್ಲಿ ಎರಡು ಪಂಗಡ. ಫೋಲಾಸ್ ಜಾತಿಯವು ಅರದಂಥ ಚಿಪ್ಪನ್ನು ಕಲ್ಲಿಗೆ ಒತ್ತಿ ತಿರುಗಿಸಿ ತಿರುಗಿಸಿ ಉಜ್ಜುತ್ತವೆ. ಲಿಥೋಫೇಗಾ ಜಾತಿಯವು ಉಜ್ಜುವ ಗೋಜಿಗೆ ಹೆಚ್ಚು ಹೋಗುವುದಿಲ್ಲ, ಒಸರುವ ದ್ರವದಿಂದ ಸುಣ್ಣವನ್ನು ಕರಗಿಸುತ್ತವೆ. ಲಿಥೋಫೇಗಾ ಅಂದರೆ ಕಲ್ಲು ತಿನ್ನುವುದು ಎಂದರ್ಥ, ಹೆಸರಿಟ್ಟವರು ಸ್ವಲ್ಪ ಉದಾರಿಗಳು, ಅದು ಕಲ್ಲು ತಿನ್ನುವುದೇ ಇಲ್ಲ.

ನಿಮ್ಮ ಮೊದಲ ಫೋಟೋದಲ್ಲಿ ಪಕ್ಕದ ಕಪ್ಪು ಕಲ್ಲುಗಳು ಮತ್ತು ಒಂದು ಬಿಳಿ ಬೆಣಚುಕಲ್ಲು ಕಾಣುತ್ತವೆ. ಅವುಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ಒಂದೇ ನೀರಿನಲ್ಲಿ ಅಕ್ಕಪಕ್ಕ ಬಿದ್ದಿದ್ದ ಕಲ್ಲುಗಳಲ್ಲಿ ಬೂದು ಕಲ್ಲನ್ನು ಮಾತ್ರ ಕೊರೆದಿದ್ದಾರೆ ಅಂದರೆ ಅದು ಸುಣ್ಣಕಲ್ಲು. ಬೆಣಚಿಗೆ ಈ ಆಮ್ಲ ಏನೂ ಮಾಡಲಾರದು. ಬೇಕಾದರೆ ಬೂದು ಕಲ್ಲಿನ ಒಂದು ಮೂಲೆ ಕೆರೆದು, ಆ ಪುಡಿಯ ಮೇಲೆ ವಿನೆಗರ್ ಒಂದು ತೊಟ್ಟು ಬಿಡಿ, ಸಣ್ಣಗೆ ನೊರೆ ಬರಬೇಕು. ಕಲ್ಲಿನ ಮೈಮೇಲೆ ಸೂಜಿಮೊನೆಯಂಥ ಚುಕ್ಕೆಗಳ ಗುಂಪೇನಾದರೂ ಇದ್ದರೆ ಅದನ್ನೂ ಭೂತಗನ್ನಡಿಯಲ್ಲಿ ನೋಡಿ. ಅದು ಹುಳುವಲ್ಲ, ಕೊರೆಯುವ ಸ್ಪಂಜು. ಹೊರಗೆ ಸಣ್ಣ ಚುಕ್ಕೆ, ಒಳಗೆ ಕೋಣೆಗೆ ಕೋಣೆ ಜೋಡಿಸಿದ ದೊಡ್ಡ ಸಂಸಾರ.

ಇನ್ನು ಹಳೆಯದೋ ಹೊಸದೋ ಎಂಬುದು. ಇಲ್ಲಿ ತೂತಿಗಿಂತ ತೂತಿನೊಳಗಿನ ಮರಳೇ ಮುಖ್ಯ, ಅದನ್ನು ಕೆದಕಿ ತೆಗೆಯಬೇಡಿ ದಯವಿಟ್ಟು. ಈಗಿನ ದಂಡೆಯಲ್ಲಿ ಬಿಡಿಯಾಗಿ ಸಿಗುವ ತೂತುಕಲ್ಲುಗಳಲ್ಲಿ ಬಹುಪಾಲು ಇತ್ತೀಚಿನವು, ಒಳಗೆ ಖಾಲಿ ಅಥವಾ ಸಡಿಲ ಕೆಸರು. ನಿಮ್ಮದರಲ್ಲಿ ಕಂದು ಮರಳು ಕಲ್ಲಿನಷ್ಟು ಗಟ್ಟಿ. ಗುಂಡುಕಲ್ಲುಗಳನ್ನು ಒಂದಕ್ಕೊಂದು ಅಂಟಿಸಿರುವ ಗಾರೆಯ ಬಣ್ಣವೂ ಅದೇ ಕಂದು. ಎರಡರಲ್ಲೂ ಕಣಗಳ ಗಾತ್ರ ಒಂದೇ ಇದ್ದರೆ, ಅದರಲ್ಲೂ ತೂತಿನ ಬಾಯಲ್ಲಿ ಒಳಗಿನ ಮರಳು ಹೊರಗಿನ ಗಾರೆಗೆ ತಡೆಯಿಲ್ಲದೆ ಸೇರಿಕೊಂಡಿದ್ದರೆ, ಲೆಕ್ಕ ಮುಗಿಯಿತು. ಮೊದಲು ಕಲ್ಲು ಉರುಳಿ ಗುಂಡಗಾಯಿತು, ಆಮೇಲೆ ಕೊರೆತ, ಆಮೇಲೆ ಮರಳು ಬಂದು ಕಲ್ಲನ್ನೂ ಮುಚ್ಚಿ ತೂತನ್ನೂ ತುಂಬಿತು. ಎಲ್ಲವೂ ಪದರ ಗಟ್ಟಿಯಾಗುವ ಮುಂಚೆ.

ಬಣ್ಣ ಬೇರೆ ಇದ್ದರೆ? ಆಗ ಇನ್ನೂ ಮಜಾ. ತೂತಿನಲ್ಲಿ ಬಿಳಿ ಕೆಸರು, ಹೊರಗಿನ ಗಾರೆ ಕಂದು ಅಂದುಕೊಳ್ಳಿ. ಆ ಕಲ್ಲು ಎರಡು ಜನ್ಮ ಕಂಡಿದೆ ಎಂದರ್ಥ. ಒಂದು ಕಡಲಿನಲ್ಲಿ ಕೊರೆಸಿಕೊಂಡು ಬಿಳಿ ಕೆಸರಲ್ಲಿ ಹೂತು ಗಟ್ಟಿಯಾಗಿ, ಮತ್ತೆ ಕಿತ್ತುಬಂದು ಉರುಳಿ, ಈ ಪದರಕ್ಕೆ ಬಂದು ಸೇರಿದೆ. ಅಂಥ ಕಲ್ಲನ್ನು ಹೊಳೆಯೂ ತಂದು ಹಾಕಿರಬಹುದು. ಆಗ ಈ ಪದರ ಸಮುದ್ರದ್ದು ಅಂತ ತೂತು ತೋರಿಸಿ ವಾದ ಮಾಡಲು ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಸಮುದ್ರ ಇತ್ತು ಎಂದೇ ಹೇಳುತ್ತೇನೆ. ‘ಕಲ್ಲು ಕೊರೆತ ಅಂದರೆ ಸಮುದ್ರ’ ಎಂಬುದು ಬಲವಾದ ನಿಯಮ, ಆದರೂ ಅಪವಾದ ಇದೆ. ಫಿಲಿಪೀನ್ಸ್‌ನ ಬೊಹೋಲ್ ದ್ವೀಪದ ಅಬಾಟಾನ್ ನದಿಯ ಸಿಹಿನೀರಿನಲ್ಲಿ ಸುಣ್ಣಕಲ್ಲು ಕೊರೆದು, ನಿಜವಾಗಿಯೂ ಕಲ್ಲು ನುಂಗಿ, ಹಿಂದಿನಿಂದ ಮರಳಾಗಿ ಹೊರಹಾಕುವ ಒಂದು ಪ್ರಾಣಿ ಇದೆ. ನೋಡಲು ಹುಳು, ನಿಜದಲ್ಲಿ ಹಡಗಿನ ಮರ ಕೊರೆಯುವ ಚಿಪ್ಪುಪ್ರಾಣಿಗಳ ನೆಂಟ. 2019ರಲ್ಲಿ ಅದಕ್ಕೆ ಲಿಥೊರೆಡೊ ಎಂದು ಹೆಸರಿಟ್ಟರು. ಅಂಥದ್ದು ಅಪರೂಪ. ಸಣ್ಣ ಬೈರಿಗೆ ತೂತು ಮತ್ತು ಹೂಜಿ ತೂತು ಒಂದೇ ಕಲ್ಲಿನಲ್ಲಿ ಒಟ್ಟಿಗೆ ಇರುವಾಗ ನಾನು ಸಮುದ್ರದ ಕಡೆಗೇ ಬಾಜಿ ಕಟ್ಟುತ್ತೇನೆ.

ಬೆಟ್ಟದ ಮೇಲೆ ಕಡಲು ಹೇಗೆ ಅಂತ ಸಂಕೋಚ ಬೇಡ. ಇಟಲಿಯ ಪೊಝ್ಝುಯೋಲಿಯಲ್ಲಿ ರೋಮನ್ನರ ಕಾಲದ ಹಳೆಯ ಮಾರುಕಟ್ಟೆಯ ಮೂರು ಅಮೃತಶಿಲೆ ಕಂಬಗಳು ಇನ್ನೂ ನಿಂತಿವೆ. ಹಿಂದೆ ಅದನ್ನು ಸೆರಾಪಿಸ್ ದೇವಾಲಯ ಅಂದುಕೊಂಡಿದ್ದರು. ಕಂಬಗಳ ಬುಡದ ಸುಮಾರು 12 ಅಡಿ ನುಣುಪು, ಅದರ ಮೇಲೆ ಸುಮಾರು 9 ಅಡಿ ಲಿಥೋಫೇಗಾ ಕೊರೆದ ತೂತುಗಳ ಪಟ್ಟಿ. ಕಂಬ ನಿಂತ ಜಾಗವೇ ಕಡಲಿನೊಳಗೆ ಇಳಿದು ಮತ್ತೆ ಮೇಲೆದ್ದಿದೆ. ಬುಡ ಮಣ್ಣಿನಲ್ಲಿ ಹೂತಿದ್ದರಿಂದ ಅಲ್ಲಿಗೆ ಕೊರೆಯುವವರು ತಲುಪಲಿಲ್ಲ. ಚಾರ್ಲ್ಸ್ ಲಯಲ್ 1830ರಲ್ಲಿ ತಮ್ಮ ಭೂವಿಜ್ಞಾನದ ಪುಸ್ತಕದ ಮುಖಚಿತ್ರಕ್ಕೆ ಈ ಕಂಬಗಳನ್ನೇ ಆರಿಸಿಕೊಂಡರು. ಕ್ರೀಟ್ ದ್ವೀಪದ ಪಶ್ಚಿಮ ತುದಿ ಕ್ರಿ.ಶ. 365ರ ಭೂಕಂಪದಲ್ಲಿ ಒಂಬತ್ತು ಮೀಟರಿನವರೆಗೆ ಮೇಲೆದ್ದಿತು, ಅಲ್ಲೂ ಹಳೆಯ ನೀರಿನ ಮಟ್ಟದ ಕೆಳಗೆ ಬಂಡೆಗಳಲ್ಲಿ ಇಂಥ ತೂತುಗಳಿವೆ. ಇದೆಲ್ಲ ಮನುಷ್ಯರ ಕಣ್ಣೆದುರಿನ ಕಾಲದ್ದು. ಲಕ್ಷ, ಕೋಟಿ ವರ್ಷ ಕೊಟ್ಟರೆ ನೆಲ ಎಲ್ಲಿಗೆ ಬೇಕಾದರೂ ಏರುತ್ತದೆ.

ಆದರೆ ‘ಸಮುದ್ರ ಇತ್ತು’ ಎನ್ನುವುದೂ ‘ಇದೇ ದಡ’ ಎನ್ನುವುದೂ ಒಂದೇ ಅಲ್ಲ. ಅಲೆ ಬಡಿದು ದಿನವೂ ಕಲ್ಲು ಉರುಳಾಡುವ ಜಾಗದಲ್ಲಿ ಹುಳು ಬಾಳುವುದು ಕಷ್ಟ, ಕೊರೆದ ಮನೆ ಸವೆದೇ ಹೋಗುತ್ತದೆ. ಕೊರೆತ ಚೆನ್ನಾಗಿ ಬೆಳೆಯುವುದು ಸ್ವಲ್ಪ ಕೆಳಗೆ, ನೀರು ಆಳವಿಲ್ಲದೆ, ಮೇಲಿಂದ ಮರಳು ಬಿದ್ದು ಮುಚ್ಚದೆ, ಕಲ್ಲು ಆಗೊಮ್ಮೆ ಈಗೊಮ್ಮೆ ಮಾತ್ರ ಮಗುಚುವ ಕಡೆ. ಕೊರೆತದ ಕಲ್ಲು ದಂಡೆಯಿಂದ ದೂರವೂ ಇರಬಹುದು. ಗುಜರಾತಿನ ಕಚ್ಛ್‌ನಲ್ಲಿ ಡೈನೊಸಾರ್‌ಗಳಿದ್ದ ಜುರಾಸಿಕ್ ಕಾಲದ ಧೋಸಾ ಎಂಬ ಪದರ ಇದೆ, ಅದರ ತುದಿಯಲ್ಲಿ ಕೊರೆಸಿಕೊಂಡ ಕಲ್ಲುಂಡೆಗಳಿವೆ. ಅವು ಸಮುದ್ರದ ತಳದ ಕೆಸರಿನಲ್ಲೇ ಗಟ್ಟಿಯಾಗಿ, ಮೇಲಿನ ಕೆಸರು ತೊಳೆದುಹೋಗಿ ಬಯಲಾಗಿ, ಬಹಳ ಕಾಲ ಮೈ ತೆರೆದುಕೊಂಡು ಬಿದ್ದಿದ್ದವು. ದಂಡೆಯಲ್ಲಿ ಉರುಳಿದವಲ್ಲ.

ನಿಮ್ಮ ಕಲ್ಲಿನ ಎಲ್ಲ ಬದಿಯಲ್ಲೂ ತೂತಿದೆ ಎಂದು ಬರೆದಿದ್ದೀರಿ. ಅಂದರೆ ಅದು ಮಗುಚಿದೆ, ಒಂದಕ್ಕಿಂತ ಹೆಚ್ಚು ಸಲ. ಮಗುಚಿದರೂ ಒಂದೇ ಮಗ್ಗುಲಲ್ಲಿ ಸಾಕಷ್ಟು ಕಾಲ ಮಲಗಿದೆ ಕೂಡ, ಯಾಕೆಂದರೆ ಹೂಜಿ ತೂತು ಒಂದು ದಿನದ ಕೆಲಸವಲ್ಲ. ಮೆಡಿಟರೇನಿಯನ್ ಸಮುದ್ರದ ಲಿಥೋಫೇಗಾ ಐದು ಸೆಂಟಿಮೀಟರ್ ಬೆಳೆಯಲು 15ರಿಂದ 35 ವರ್ಷ ತೆಗೆದುಕೊಳ್ಳುತ್ತದೆ. ಎಲ್ಲ ಜಾತಿಗಳೂ ಇಷ್ಟು ನಿಧಾನವಲ್ಲ, ಉಜ್ಜಿ ಕೊರೆಯುವವು ಬೇಗ ಬೆಳೆಯುತ್ತವೆ. ಹಾಗಾಗಿ ನಿಮ್ಮದು ಇಂತಿಷ್ಟೇ ವರ್ಷ ಬಿದ್ದಿತ್ತು ಅಂತ ಹೇಳಲಾರೆ, ಒಂದೆರಡು ಮಳೆಗಾಲದ ಕಥೆಯಲ್ಲ ಅನ್ನುವಷ್ಟು ಹೇಳಬಲ್ಲೆ. ಇನ್ನೊಂದು ಸೂಕ್ಷ್ಮ. ನಿಮ್ಮ ಎರಡು ದಪ್ಪ ತೂತುಗಳಿಗೆ ಕತ್ತೇ ಇಲ್ಲ, ಹೊಟ್ಟೆಯೇ ನೇರವಾಗಿ ಬಾಯಿ ತೆರೆದಿದೆ. ಕತ್ತಿದ್ದ ಭಾಗ ಸವೆದುಹೋಗಿದೆ. ಅಂದರೆ ಕೊರೆದಾದ ಮೇಲೆ ಕಲ್ಲು ಮತ್ತೆ ಅಲೆಗೆ ಸಿಕ್ಕಿ ಉರುಳಿದೆ, ಕಡಿಮೆಯೆಂದರೂ ಕತ್ತಿನ ಉದ್ದದಷ್ಟು ಮೈ ಕಳೆದುಕೊಂಡಿದೆ, ಆಮೇಲೆ ಹೂತಿದೆ. ಕೆಳಗೆ ಮಲಗಿದ್ದದ್ದನ್ನು ಬಿರುಗಾಳಿ ಎತ್ತಿ ದಂಡೆಗೆ ಎಸೆದಿರಬಹುದು, ಹಾಗಿದ್ದರೆ ನಿಮ್ಮ ಪದರ ದಡದ್ದೇ. ನನಗೆ ಅದೇ ಇಷ್ಟವಾದ ಊಹೆ, ಆದರೆ ಊಹೆಯೇ.

ವಯಸ್ಸು ಮಾತ್ರ ತೂತಿನಿಂದ ಸಿಗುವುದಿಲ್ಲ. ಬೈರಿಗೆ ತೂತುಗಳು ಕೆನಡಾದ ಲ್ಯಾಬ್ರಡಾರ್‌ನಲ್ಲಿ ಕೇಂಬ್ರಿಯನ್ ಕಾಲದ ಶುರುವಿನಲ್ಲಿ ಸಮುದ್ರಜೀವಿಗಳು ಕಟ್ಟಿದ ಸುಣ್ಣದ ದಿಬ್ಬಗಳಲ್ಲೇ ಇವೆ, 50 ಕೋಟಿ ವರ್ಷಕ್ಕೂ ಹಿಂದೆ, ಮತ್ತು ಈ ಹೊತ್ತಿಗೂ ಆಗುತ್ತಿವೆ. ಹೂಜಿ ತೂತುಗಳು ಹೇರಳವಾದದ್ದು ಜುರಾಸಿಕ್‌ನಿಂದ ಈಚೆಗೆ, ಆದ್ದರಿಂದ ನಿಮ್ಮದು ಬಹುಶಃ ಅದಕ್ಕಿಂತ ಹಳೆಯದಲ್ಲ. ಕಲ್ಲಿನ ವಯಸ್ಸನ್ನೂ ತೂತಿನ ವಯಸ್ಸನ್ನೂ ಕಲಸಿಕೊಳ್ಳಬೇಡಿ. ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳ ವ್ಯಾಲಿಸ್ ವೇಲ್ ಎಂಬಲ್ಲಿ ಸುಮಾರು 34 ಕೋಟಿ ವರ್ಷದ ಸುಣ್ಣಕಲ್ಲಿನ ಮೇಲೆ ಸುಮಾರು 17 ಕೋಟಿ ವರ್ಷದ ಪದರ ನೇರವಾಗಿ ಕೂತಿದೆ, ನಡುವಿನ ಮೈಯಲ್ಲಿ ಜುರಾಸಿಕ್ ಕಡಲಿನ ಹುಳು ಮತ್ತು ಚಿಪ್ಪುಪ್ರಾಣಿಗಳ ಕೊರೆತಗಳು. ಕೊರೆಯುವವರು ಬರುವ ಹೊತ್ತಿಗೆ ಆ ಕಲ್ಲಿಗೇ 17 ಕೋಟಿ ವರ್ಷ ತುಂಬಿತ್ತು. ನಿಮಗೆ ಬೇಕಾದದ್ದು ಗಾರೆಯಲ್ಲಿರುವ ಚಿಪ್ಪುಗಳು. ಅವುಗಳಲ್ಲಿ ಒಂದಾದರೂ ಗುರುತು ಹಿಡಿಯುವ ಹಾಗೆ ಸಿಕ್ಕರೆ ಪದರದ ಕಾಲ ಸುಮಾರಾಗಿ ತಿಳಿಯಬಹುದು.

ಮುಂದಿನ ಸಲ ಹೋದಾಗ ಸುತ್ತಿಗೆ ಮನೆಯಲ್ಲೇ ಇರಲಿ. ಉದುರಿದ ಕಲ್ಲುಗಳೇ ಸಾಕು. ಗೋಡೆಯಲ್ಲಿ ಇನ್ನೂ ಅಂಟಿಕೊಂಡಿರುವ ಬೂದು ಕಲ್ಲುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಒದ್ದೆಯಾದರೆ ಒಳಗಿನ ಮರಳಿನ ಬಣ್ಣ ಎದ್ದು ಕಾಣುತ್ತದೆ. ಪದರದಲ್ಲಿ ಈಗ ಮೇಲಿರುವ ಬದಿಯಲ್ಲೇ ತೂತು ಜಾಸ್ತಿ ಇದೆಯೋ, ಸುತ್ತಲೂ ಸಮನಾಗಿದೆಯೋ ಎಣಿಸಿ ಬರೆದುಕೊಳ್ಳಿ, ಹತ್ತು ಕಲ್ಲು ಸಾಕು. ಮೇಲ್ಬದಿಯಲ್ಲೇ ಜಾಸ್ತಿ ಇದ್ದರೆ ಕಲ್ಲುಗಳು ಕೊರೆಸಿಕೊಂಡ ಜಾಗದಲ್ಲೇ ಹೂತಿವೆ, ನನ್ನ ಬಿರುಗಾಳಿಯ ಊಹೆ ಬಿದ್ದುಹೋಗುತ್ತದೆ. ದಪ್ಪ ತೂತಿನ ಮರಳಿನಲ್ಲಿ ಚಿಪ್ಪಿನ ಅಂಚೇನಾದರೂ ಕಂಡರೆ ಅದರ ಹತ್ತಿರದ ಫೋಟೋ ಕಳಿಸಿ. ಆದರೆ ಆ ಚಿಪ್ಪು ಹೂಜಿಯ ಹೊಟ್ಟೆಗೆ ಸರಿಯಾಗಿ ಕೂತಿದೆಯೋ, ಮೂಲೆಯಲ್ಲಿ ಸಣ್ಣಗೆ ಬಿದ್ದಿದೆಯೋ ನೋಡಿ. ಸಣ್ಣಗೆ ಬಿದ್ದಿದ್ದರೆ ಅದು ಮನೆ ಕಟ್ಟಿದವರಲ್ಲ, ಆಮೇಲೆ ಬಂದ ಬಾಡಿಗೆಯವರು.